ಎರಡು ವೃತ್ತಿಗಳ ನಡುವೆ ನಿಂತ ಸಂಘ: ಹೋಮಿಯೋಪಥಿ ಪಶುವೈದ್ಯರ ಸಂಸ್ಥೆ ನಡೆಯಬೇಕಾದ ಬಗೆ

ಹೋಮಿಯೋಪಥಿ ಪಶುವೈದ್ಯರ ಸಂಘವೊಂದರ ಸದಸ್ಯತ್ವದ ಅರ್ಜಿ ಕೈಗೆ ಸಿಕ್ಕರೆ ಅದರ ಮೊದಲ ಪ್ರಶ್ನೆ ಯಾವುದು ನೋಡಿ. ಹೋಮಿಯೋಪಥಿ ಎಲ್ಲಿ ಕಲಿತಿರಿ, ಎಷ್ಟು ವರ್ಷದಿಂದ ಕೊಡುತ್ತಿದ್ದೀರಿ ಎಂಬುದೆಲ್ಲ ಆಮೇಲಿನದು. ಮೊದಲ ಸಾಲಿನಲ್ಲಿ ಕೇಳಬೇಕಾದದ್ದು ಪಶುವೈದ್ಯ ನೋಂದಣಿ ಸಂಖ್ಯೆ. ಆ ಜಾಗ ಖಾಲಿ ಬಿಟ್ಟ ಅರ್ಜಿಯನ್ನು ಏನು ಮಾಡುತ್ತಾರೆ ಎಂಬುದರಿಂದಲೇ ಆ ಸಂಘ ಎಂಥದ್ದು ಎಂದು ಬಹುಮಟ್ಟಿಗೆ ಹೇಳಿಬಿಡಬಹುದು.

ಈ ಮಾತು ಅರ್ಥವಾಗಬೇಕಾದರೆ ಸಂಘಕ್ಕೆ ಏನು ಅಧಿಕಾರವಿದೆ, ಏನಿಲ್ಲ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಪ್ರಾಣಿಗಳಿಗೆ ಚಿಕಿತ್ಸೆ ಕೊಡಲು ಪರವಾನಗಿ ನೀಡುವುದು, ತಪ್ಪು ಮಾಡಿದವರ ಪರವಾನಗಿ ಕಿತ್ತುಕೊಳ್ಳುವುದು ಆಯಾ ದೇಶದ ಪಶುವೈದ್ಯ ಪರಿಷತ್ತಿನ ಕೆಲಸ. ಅದು ಕಾನೂನಿನಿಂದ ಹುಟ್ಟಿದ ಸಂಸ್ಥೆ. ಸಂಘ ಹಾಗಲ್ಲ, ಒಂದೇ ಆಸಕ್ತಿಯ ಜನ ತಾವಾಗಿಯೇ ಕೂಡಿಕೊಂಡು ಕಟ್ಟಿಕೊಂಡದ್ದು. ಅದರ ಕೈಯಲ್ಲಿರುವುದು ಸದಸ್ಯತ್ವ, ತಾನೇ ನಡೆಸುವ ಪರೀಕ್ಷೆಯ ಪ್ರಮಾಣಪತ್ರ ಮತ್ತು ‘ನಮ್ಮಲ್ಲಿ ಇಂಥವರಿದ್ದಾರೆ’ ಎಂದು ಜನರಿಗೆ ಕೊಡುವ ಪಟ್ಟಿ. ಕೊಟ್ಟದ್ದನ್ನು ಹಿಂದೆಗೆದುಕೊಳ್ಳಬಹುದು, ಅದರಾಚೆಗೆ ಯಾರನ್ನೂ ಶಿಕ್ಷಿಸಲಾರದು. ಅಧಿಕಾರ ಇಷ್ಟೇ ಆದರೂ ಕಾಯಿಲೆ ಬಿದ್ದ ನಾಯಿಯನ್ನೋ ಹಸುವನ್ನೋ ಎದುರಿಗಿಟ್ಟುಕೊಂಡು ಆ ಪಟ್ಟಿಯಲ್ಲಿ ಬೆರಳಾಡಿಸುವ ವ್ಯಕ್ತಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಸಂಘದ ಹೆಸರು ಕಂಡರೆ ಅವರು ನಂಬುತ್ತಾರೆ. ಆ ನಂಬಿಕೆಯನ್ನು ಕಾಯುವುದೇ ಸಂಘದ ನಿಜವಾದ ಕೆಲಸ. ಅದಕ್ಕಾಗಿ ತನ್ನ ಸದಸ್ಯರಿಗೇ ಆಗಾಗ ‘ಆಗದು’ ಎನ್ನಬೇಕಾಗುತ್ತದೆ. ಈ ಲೇಖನದ ತುಂಬ ನಾನು ಹೇಳಹೊರಟಿರುವುದು ಆ ‘ಆಗದು’ ಎಂಬ ಮಾತನ್ನು ಎಲ್ಲೆಲ್ಲಿ, ಯಾಕೆ ಹೇಳಬೇಕು ಎಂಬುದನ್ನೇ.

ಇತರ ವೃತ್ತಿ ಸಂಘಗಳಿಗಿಲ್ಲದ ಒಂದು ತೊಡಕು ಇಲ್ಲಿದೆ. ಹೋಮಿಯೋಪಥಿಯನ್ನು ಕಟ್ಟಿದ ಸ್ಯಾಮ್ಯುಯೆಲ್ ಹಾನೆಮನ್ (1755–1843) ಪ್ರಾಣಿಗಳಿಗೂ ತನ್ನ ಪದ್ಧತಿ ಒಪ್ಪುತ್ತದೆ ಎಂದು ಭಾವಿಸಿದ್ದರು. ಅವರ ಕಾಲದಲ್ಲೇ ಲೈಪ್‌ಜಿಗ್‌ನ ಪಶುವೈದ್ಯ ವಿಲ್ಹೆಲ್ಮ್ ಲಕ್ಸ್ ಅದನ್ನು ದನ, ಕುದುರೆಗಳ ಮೇಲೆ ಬಳಸಲು ಮುಂದಾದರು. ಹಾಗಾಗಿ ಇದು ನಿನ್ನೆ ಮೊನ್ನೆಯ ಹವ್ಯಾಸವೇನಲ್ಲ. ಆದರೂ ಎರಡು ಶತಮಾನ ಕಳೆದ ಮೇಲೂ ಈ ವೈದ್ಯರು ಎರಡು ಮನೆಗಳ ನಡುವಿನ ಅಂಗಳದಲ್ಲೇ ನಿಂತಿದ್ದಾರೆ. ಪಶುವೈದ್ಯರ ಮುಖ್ಯ ವೃತ್ತಿಯವರು ಇವರನ್ನು ಅನುಮಾನದಿಂದ ನೋಡುತ್ತಾರೆ. ಮನುಷ್ಯರಿಗೆ ಹೋಮಿಯೋಪಥಿ ಕೊಡುವವರಲ್ಲಿ ಕೆಲವರು, ಔಷಧದ ಆಯ್ಕೆ ನಮಗೂ ಗೊತ್ತು, ಪ್ರಾಣಿಗಳಿಗೆ ನಾವೇ ಯಾಕೆ ಕೊಡಬಾರದು ಎಂದು ಕೇಳುತ್ತಾರೆ. ನೋಂದಣಿ ಸಂಖ್ಯೆಯ ಪ್ರಶ್ನೆ ಏಳುವುದು ಇಲ್ಲೇ.

ಬ್ರಿಟನ್ನಿನಲ್ಲಿ 1966ರ ಪಶುವೈದ್ಯರ ಕಾಯ್ದೆ ಇದನ್ನು ಬಹುಪಾಲು ಬಗೆಹರಿಸಿದೆ. ಪ್ರಾಣಿಯ ರೋಗ ಪತ್ತೆ, ಚಿಕಿತ್ಸೆ ನೋಂದಾಯಿತ ಪಶುವೈದ್ಯರಿಗೆ ಮೀಸಲು. ಮನುಷ್ಯರಿಗೆ ಮೂವತ್ತು ವರ್ಷ ಹೋಮಿಯೋಪಥಿ ಕೊಟ್ಟು ಪಳಗಿದವರೂ ಪಕ್ಕದ ಮನೆಯ ನಾಯಿಗೆ ಚಿಕಿತ್ಸೆ ಮಾಡುವ ಹಾಗಿಲ್ಲ. ಜರ್ಮನಿಯ ಕತೆ ಬೇರೆ. ಅಲ್ಲಿ ಪಶುವೈದ್ಯ ಪದವಿ ಇಲ್ಲದೆಯೂ ಪ್ರಾಣಿಗಳಿಗೆ ನಿಸರ್ಗ ಚಿಕಿತ್ಸೆ, ಹೋಮಿಯೋಪಥಿ ಕೊಡುವ ‘ಟಿಯರ್‌ಹೈಲ್‌ಪ್ರಾಕ್ಟಿಕರ್’ ಎಂಬ ಒಂದು ವರ್ಗವೇ ಇದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಔಷಧ ಕಾಯ್ದೆ, ಮನುಷ್ಯರಿಗೆಂದು ನೋಂದಣಿಯಾದ ಹೋಮಿಯೋಪಥಿ ಔಷಧಗಳನ್ನು ಪ್ರಾಣಿಗಳಿಗೆ ಬಳಸಬೇಕಾದರೆ ಪಶುವೈದ್ಯರೇ ಸೂಚಿಸಬೇಕು ಎಂದಿತು. ಅದೇ ವರ್ಷದ ಸೆಪ್ಟೆಂಬರ್ 29ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ, ಆಹಾರಕ್ಕೆ ಬಳಕೆಯಾಗದ ಪ್ರಾಣಿಗಳ ಮಟ್ಟಿಗೆ ಈ ಕಟ್ಟಳೆ ಉದ್ಯೋಗ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಪದ್ಧತಿ ಒಂದೇ, ಔಷಧದ ಸೀಸೆಯೂ ಒಂದೇ. ಯಾರು ಕೊಡಬಹುದು ಎಂಬುದಕ್ಕೆ ಮಾತ್ರ ಎರಡು ದೇಶಗಳಲ್ಲಿ ಎರಡು ಉತ್ತರ. ಆದ್ದರಿಂದ ಹಲವು ದೇಶಗಳ ಸದಸ್ಯರಿರುವ ಸಂಘ ‘ನಮ್ಮ ಸದಸ್ಯರು ತಮ್ಮ ನೆಲದ ಕಾನೂನಿಗೆ ಬದ್ಧರು’ ಎಂದು ಬರೆದು ಕೈತೊಳೆದುಕೊಂಡರೆ ಸಾಲದು. ತನ್ನ ಬೈಲಾದಲ್ಲೇ ಪೂರ್ಣ ಸದಸ್ಯರು ಯಾರು ಎಂದು ಸ್ಪಷ್ಟವಾಗಿ ಬರೆಯಬೇಕು.

ನನ್ನ ಅಭಿಪ್ರಾಯದಲ್ಲಿ ಪೂರ್ಣ ಸದಸ್ಯತ್ವ, ಮತದಾನ, ಸಾರ್ವಜನಿಕ ಪಟ್ಟಿಯಲ್ಲಿ ಹೆಸರು, ಈ ಮೂರೂ ನೋಂದಾಯಿತ ಪಶುವೈದ್ಯರಿಗೆ ಮಾತ್ರ ಇರಬೇಕು. ಕಾನೂನು ಸಡಿಲವಾಗಿರುವ ದೇಶದಲ್ಲೂ ಹಾಗೇ. ಹೋಮಿಯೋಪಥಿ ಗೊತ್ತಿಲ್ಲದವರು ಔಷಧ ತಪ್ಪಾಗಿ ಆರಿಸಬಹುದು. ಪಶುವೈದ್ಯಶಾಸ್ತ್ರ ಗೊತ್ತಿಲ್ಲದವರು ರೋಗವನ್ನೇ ತಪ್ಪಾಗಿ ಗುರುತಿಸುತ್ತಾರೆ. ಎರಡನೆಯದರಿಂದ ಆಗುವ ಹಾನಿಯೇ ದೊಡ್ಡದು. ವಿದ್ಯಾರ್ಥಿಗಳಿಗೆ, ಔಷಧ ತಯಾರಕರಿಗೆ, ಆಸಕ್ತರಿಗೆ ಬೇರೆ ಬೇರೆ ದರ್ಜೆಗಳಿರಲಿ. ಆದರೆ ಆ ದರ್ಜೆಯ ಹೆಸರನ್ನು ಯಾರೂ ಬೋರ್ಡಿನ ಮೇಲೆ ಬರೆಸಿಕೊಳ್ಳದಂತೆ ನಿಯಮವಿರಬೇಕು. ‘ಸಹ ಸದಸ್ಯ’ ಎಂಬ ಪದ ಬೋರ್ಡಿಗೆ ಏರುವಾಗ ‘ಸಹ’ ಉದುರಿಹೋಗುವುದು ಸುಲಭ. ನೋಂದಣಿ ಸಂಖ್ಯೆಯನ್ನು ಒಮ್ಮೆ ಬರೆಸಿಕೊಂಡು ಕಡತಕ್ಕೆ ಸೇರಿಸಿದರೂ ಮುಗಿಯಲಿಲ್ಲ. ಪ್ರತಿ ವರ್ಷ ಸದಸ್ಯತ್ವ ನವೀಕರಿಸುವಾಗ ಪರಿಷತ್ತಿನ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಅಮಾನತಾದ ವೈದ್ಯರೊಬ್ಬರ ಹೆಸರು ಸಂಘದ ಪಟ್ಟಿಯಲ್ಲಿ ಉಳಿದುಬಿಟ್ಟರೆ ಆ ಹೊಣೆ ಸಂಘದ್ದೇ.

ವಿಜ್ಞಾನದ ಪ್ರಶ್ನೆಯನ್ನು ಸಂಘ ಎದುರಿಸುವ ರೀತಿ

ಈಗ ಎಲ್ಲಕ್ಕಿಂತ ಕಷ್ಟದ ಭಾಗಕ್ಕೆ ಬರುತ್ತೇನೆ. ಹೋಮಿಯೋಪಥಿ ಔಷಧದ ಹೆಸರಿನ ಮುಂದೆ 30ಸಿ ಎಂದಿದ್ದರೆ, ಮೂಲ ವಸ್ತುವನ್ನು ಒಂದಕ್ಕೆ ನೂರರಂತೆ ಮೂವತ್ತು ಸಲ ದುರ್ಬಲಗೊಳಿಸಲಾಗಿದೆ ಎಂದರ್ಥ. ಒಂದರ ಮುಂದೆ ಅರವತ್ತು ಸೊನ್ನೆ ಇಟ್ಟರೆ ಎಷ್ಟೋ ಅಷ್ಟು ಭಾಗದಲ್ಲಿ ಒಂದು ಭಾಗ. ರಸಾಯನಶಾಸ್ತ್ರದ ಲೆಕ್ಕದಲ್ಲಿ 12ಸಿ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಾಧ್ಯತೆ ಕ್ಷೀಣ. ಮುಖ್ಯಧಾರೆಯ ವಿಜ್ಞಾನಿಗಳ ಮೂಲ ಆಕ್ಷೇಪ ಇದೇ.

ಪ್ರಯೋಗಗಳು ಏನು ಹೇಳುತ್ತವೆ? 2014ರಲ್ಲಿ ರಾಬರ್ಟ್ ಮ್ಯಾಥಿ ಮತ್ತು ಯುರ್ಗೆನ್ ಕ್ಲಾಸೆನ್ ಪ್ರಾಣಿಗಳ ಮೇಲೆ ನಡೆದ, ಹುಸಿಮದ್ದಿನೊಂದಿಗೆ ಹೋಲಿಸಿದ 18 ಪ್ರಯೋಗಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ನಂಬಬಹುದಾದ ಗುಣಮಟ್ಟದವು ಎರಡೇ ಎಂದು ಕಂಡರು. ಆ ಎರಡರ ಫಲಿತಾಂಶಗಳೂ ಒಂದಕ್ಕೊಂದು ಹೊಂದಲಿಲ್ಲ. 2016ರ ಇನ್ನೊಂದು ಪರಿಶೀಲನೆ, 1981ರಿಂದ 2014ರವರೆಗೆ ಸಾಕುದನ, ಹಂದಿ, ಕೋಳಿಗಳ ಮೇಲೆ ನಡೆದ 52 ಪ್ರಯೋಗಗಳನ್ನು ಒಟ್ಟುಗೂಡಿಸಿತು. 28ರಲ್ಲಿ ಹೋಮಿಯೋಪಥಿಯ ಪರ, 22ರಲ್ಲಿ ಏನೂ ಪರಿಣಾಮವಿಲ್ಲ ಎಂಬ ಫಲಿತಾಂಶವಿತ್ತು. ಕೇಳಲು ಹಿತವಾದ ಅಂಕಿ. ಆದರೆ ಅದೇ ಲೇಖಕರ ತೀರ್ಮಾನದ ತಿರುಳು ಬೇರೆ: ಒಂದೆಡೆ ಫಲಿಸಿದ್ದು ಇನ್ನೊಂದೆಡೆ ಅದೇ ರೀತಿಯಲ್ಲಿ ಮತ್ತೆ ಫಲಿಸಿದ ಉದಾಹರಣೆಗಳು ಸಿಗುತ್ತಿಲ್ಲ. 2017ರ ನವೆಂಬರ್‌ನಲ್ಲಿ ಬ್ರಿಟನ್ನಿನ ಪಶುವೈದ್ಯ ಪರಿಷತ್ತಾದ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್, ಹೋಮಿಯೋಪಥಿಗೆ ಮಾನ್ಯವಾದ ಪುರಾವೆಯ ಬಲವಿಲ್ಲ, ಅದು ಗಟ್ಟಿಯಾದ ವೈಜ್ಞಾನಿಕ ತತ್ತ್ವಗಳ ಮೇಲೆ ನಿಂತಿಲ್ಲ, ಪ್ರಾಣಿಗಳ ಹಿತದೃಷ್ಟಿಯಿಂದ ಅದನ್ನು ಪುರಾವೆಯಿರುವ ಚಿಕಿತ್ಸೆಯ ಜಾಗದಲ್ಲಿ ಅಲ್ಲ, ಅದರ ಜೊತೆಗೆ ಮಾತ್ರ ಬಳಸಬೇಕು ಎಂಬ ನಿಲುವು ಪ್ರಕಟಿಸಿತು.

ಸಂಘದ ಕಾರ್ಯಕಾರಿ ಸಮಿತಿ ಈ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಏನು ಮಾಡಬೇಕು? ಸಿಟ್ಟಿನ ಉತ್ತರ ಬರೆಯುವುದು ಸಹಜ. ಸದಸ್ಯರೂ ಅದನ್ನೇ ನಿರೀಕ್ಷಿಸುತ್ತಾರೆ. ತಮ್ಮ ನಿಲುವನ್ನು ಸಮರ್ಥಿಸಿಕೊಳ್ಳುವ ಹಕ್ಕು ಖಂಡಿತ ಅವರಿಗಿದೆ, ತಾವು ಗುಣಪಡಿಸಿದ್ದೇವೆಂದು ನಂಬಿದ ಪ್ರಾಣಿಗಳ ನೆನಪು ಅವರ ಬೆನ್ನಿಗಿದೆ. ಆದರೆ ಪ್ರಾಣಿ ಸಾಕಿದವರಿಗೆ ಈ ಸಂಗತಿಯನ್ನು ತಿಳಿಸುವ ಹೊಣೆಯೂ ಅವರದ್ದೇ. ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕ ಸಂಘವೊಂದು ತನ್ನ ಪರಿಚಯ ಪತ್ರದಲ್ಲೇ ಮುಖ್ಯಧಾರೆಯ ವಿಜ್ಞಾನದ ನಿಲುವೇನು ಎಂಬುದನ್ನು ಸರಳ ಮಾತಿನಲ್ಲಿ ಅಚ್ಚುಹಾಕಬೇಕು. ಅದನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು. ಮನುಷ್ಯ ರೋಗಿ ತನ್ನ ಮೈಮೇಲೆ ತಾನೇ ಪ್ರಯೋಗಕ್ಕೆ ಒಪ್ಪಬಹುದು. ಮೂಕಪ್ರಾಣಿಯ ಪರವಾಗಿ ಬೇರೊಬ್ಬರು ಒಪ್ಪುತ್ತಾರೆ, ಆದ್ದರಿಂದ ಅವರಿಗೆ ಎಲ್ಲವೂ ಗೊತ್ತಿರಬೇಕಾದ ಅಗತ್ಯ ಇನ್ನೂ ಹೆಚ್ಚು.

‘ಜೊತೆಗೆ ಮಾತ್ರ’ ಎಂಬ ಮಾತು ನೀತಿ ಸಂಹಿತೆಗೆ ಇಳಿಯುವಾಗ ಸ್ಪಷ್ಟ ಕಲಮುಗಳಾಗಬೇಕು. ಕರು ಅಡ್ಡ ಸಿಕ್ಕಿಕೊಂಡ ಹಸು, ಹೊಟ್ಟೆ ಉಬ್ಬರಿಸಿ ತಿರುಚಿಕೊಂಡ ನಾಯಿ, ಮೂತ್ರ ಕಟ್ಟಿಹೋದ ಬೆಕ್ಕು, ಕರುಳಿನ ನೋವಿನಿಂದ ಒದ್ದಾಡುತ್ತಿರುವ ಕುದುರೆ: ಇಂಥಲ್ಲಿ ಕಾಯುವ ಮಾತೇ ಇಲ್ಲ. ಕಾಲುಬಾಯಿ ರೋಗದಂಥ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಯ ಅನುಮಾನ ಬಂದರೆ ಮೊದಲು ವರದಿ. ಲಸಿಕೆಯ ವಿಷಯದಲ್ಲಂತೂ ಸಂಘದ ಮಾತು ಒಂದಿಷ್ಟೂ ಮಸುಕಾಗಿರಬಾರದು. ವಿಲ್ಹೆಲ್ಮ್ ಲಕ್ಸ್ ಹೆಸರು ಮೇಲೆ ಬಂತಲ್ಲ, ರೋಗದ ವಸ್ತುವನ್ನೇ ದುರ್ಬಲಗೊಳಿಸಿ ಆ ರೋಗಕ್ಕೆ ಕೊಡುವ ‘ಐಸೋಪಥಿ’ಯ ದಾರಿ ತೆರೆದವರು ಅವರೇ. ಆ ಬಗೆಯ ಔಷಧಗಳಿಗೆ ಇಂದು ನೋಸೋಡ್ ಎನ್ನುತ್ತಾರೆ, ಕೆಲವರು ಅವನ್ನು ಲಸಿಕೆಯ ಬದಲಿಗೆ ಕೊಡುತ್ತಾರೆ. ಲಸಿಕೆಯಂತೆ ನೋಸೋಡ್ ರಕ್ಷಣೆ ಕೊಡುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲ. ರೇಬೀಸ್ ಲಸಿಕೆಯ ಬದಲು ನೋಸೋಡ್ ಹಾಕಿಸಿಕೊಂಡ ನಾಯಿ ಆ ಮನೆಯ ಮಕ್ಕಳಿಗೂ ಅಪಾಯ. ಸಂಘದ ಸದಸ್ಯರೊಬ್ಬರು ಇದನ್ನು ಮಾಡಿದರೆ ಎಚ್ಚರಿಕೆ ಪತ್ರ ಸಾಲದು, ಸದಸ್ಯತ್ವವನ್ನೇ ಕಳೆದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ದೂರು ಸಾಗುವ ದಾರಿ

ಸಂಘದ ನಿಯಮಗಳೆಲ್ಲ ನಿಜವಾಗಿ ಪರೀಕ್ಷೆಗೊಳಗಾಗುವುದು ದೂರು ಬಂದ ದಿನ. ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಒಬ್ಬರ ಹೈನಿನ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಪಟ್ಟಿ ನೋಡಿ ಸಂಘದ ಸದಸ್ಯರೊಬ್ಬರನ್ನು ಕರೆಸಿದರು. ಅವರು ಫೈಟೋಲಕ್ಕ ಎಂಬ ಹೋಮಿಯೋಪಥಿ ಔಷಧದ 30ಸಿ ಕೊಟ್ಟು ನಾಲ್ಕು ದಿನ ನೋಡೋಣ ಎಂದರು. ಮೂರನೇ ದಿನ ಹಸು ಮೇವು ಬಿಟ್ಟಿತು, ಮೈ ತಣ್ಣಗಾಯಿತು. ಬೇರೆ ವೈದ್ಯರು ಬಂದು ಹಸುವನ್ನು ಉಳಿಸಿದರು, ಆದರೆ ಒಂದು ಮೊಲೆ ಶಾಶ್ವತವಾಗಿ ಬತ್ತಿಹೋಯಿತು. ಸಾಕಿದವರು ಸಂಘಕ್ಕೆ ಪತ್ರ ಬರೆದಿದ್ದಾರೆ.

ಕಾರ್ಯದರ್ಶಿ ಮೊದಲು ಮಾಡಬೇಕಾದದ್ದು ಪತ್ರ ತಲುಪಿತು ಎಂದು ತಿಳಿಸುವುದು, ಜೊತೆಗೆ ‘ನೀವು ಪಶುವೈದ್ಯ ಪರಿಷತ್ತಿಗೂ ದೂರು ಕೊಡಬಹುದು, ಅದರ ವಿಳಾಸ ಇದು’ ಎಂದು ಬರೆಯುವುದು. ಈ ಎರಡನೆಯ ಸಾಲನ್ನು ಬಿಟ್ಟುಬಿಡುವ ಆಸೆ ಯಾವ ಸಂಘಕ್ಕಾದರೂ ಆಗುತ್ತದೆ, ಮನೆಯ ಜಗಳ ಮನೆಯಲ್ಲೇ ತೀರಲಿ ಎಂದು. ಹಾಗೆ ಬಿಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗುತ್ತದೆ. ಅನಂತರ ವಿಚಾರಣೆಗೆ ಮೂವರ ಉಪಸಮಿತಿ. ಈ ವೃತ್ತಿ ಎಷ್ಟು ಚಿಕ್ಕದೆಂದರೆ ಆರೋಪ ಎದುರಿಸುತ್ತಿರುವವರಿಗೆ ಸಮಿತಿಯಲ್ಲಿ ಒಬ್ಬರು ಗುರುಗಳಾಗಿರುತ್ತಾರೆ, ಇನ್ನೊಬ್ಬರು ಸಹಪಾಠಿ. ಅವರು ಪಕ್ಕಕ್ಕೆ ಸರಿಯಬೇಕು. ಮೂವರಲ್ಲಿ ಒಬ್ಬರಾದರೂ ಹೋಮಿಯೋಪಥಿ ಬಳಸದ ಪಶುವೈದ್ಯರಾಗಿರಬೇಕು. ಅಂಥವರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು, ದೂರು ಬಂದ ಮೇಲೆ ಹುಡುಕಿದರೆ ಯಾರೂ ಸಿಗುವುದಿಲ್ಲ.

ಸಮಿತಿ ಕೂತಾಗ ಒಂದು ವಿಚಿತ್ರ ನಡೆಯುತ್ತದೆ. ಹೋಮಿಯೋಪಥಿ ವೈದ್ಯರು ನಾಲ್ವರು ಸೇರಿದರೆ ಮಾತು ತಾನಾಗಿ ಔಷಧದ ಆಯ್ಕೆಯತ್ತ ಜಾರುತ್ತದೆ. ಫೈಟೋಲಕ್ಕ ಸರಿಯಿತ್ತೇ, ಬ್ರಯೋನಿಯಾ ಕೊಡಬೇಕಿತ್ತೇ, ಕೆಚ್ಚಲು ಬಿಸಿಯಿತ್ತೇ ಗಟ್ಟಿಯಿತ್ತೇ, ಪೊಟೆನ್ಸಿ (ಔಷಧವನ್ನು ದುರ್ಬಲಗೊಳಿಸುವ ಮಟ್ಟ) ಏರಿಸಬಹುದಿತ್ತೇ. ಅವರಿಗೆ ಇದು ಬಹಳ ಆಸಕ್ತಿಯ ಚರ್ಚೆ, ಆದರೆ ಈ ದೂರಿಗೆ ಸಂಬಂಧವಿಲ್ಲದ್ದು. ಅಧ್ಯಕ್ಷತೆ ವಹಿಸಿದವರು ಅದನ್ನು ಅಲ್ಲಿಗೇ ನಿಲ್ಲಿಸಿ ಕಡತ ತೆರೆಸಬೇಕು. ಮೊದಲ ದಿನ ಹಸುವಿನ ಜ್ವರ ಎಷ್ಟಿತ್ತು, ಬರೆದಿದ್ದಾರೆಯೇ? ಹಾಲಿನಲ್ಲಿ ಕೆಚ್ಚಲು ಬಾವು ಗುರುತಿಸುವ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಪರೀಕ್ಷೆ ಮಾಡಿದರೇ? ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಿದರೇ? ಆಂಟಿಬಯಾಟಿಕ್ ದಾರಿಯಿದೆ, ಅದಕ್ಕೆ ಇಂಥ ಪುರಾವೆಯಿದೆ, ಇದಕ್ಕೆ ಅಂಥದ್ದಿಲ್ಲ ಎಂದು ಸಾಕಿದವರಿಗೆ ಹೇಳಿ ಸಹಿ ಪಡೆದರೇ? ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಲಕ್ಷಣ ಕಂಡರೆ, ಎಷ್ಟು ಹೊತ್ತಿನೊಳಗೆ ಚಿಕಿತ್ಸೆ ಬದಲಿಸಬೇಕು ಎಂದು ಮೊದಲ ಭೇಟಿಯಲ್ಲೇ ನಿಶ್ಚಯಿಸಿ ತಿಳಿಸಿದ್ದರೇ? ನಮ್ಮ ಉದಾಹರಣೆಯ ವೈದ್ಯರು ನಾಲ್ಕು ದಿನ ಎಂದರು, ಆದರೆ ಹಸು ಮೇವು ಬಿಟ್ಟರೆ ತಕ್ಷಣ ಕರೆಯಿರಿ ಎನ್ನಲಿಲ್ಲ. ತಪ್ಪು ಇರುವುದು ಅಲ್ಲಿ. ಬ್ರಯೋನಿಯಾ ಕೊಟ್ಟಿದ್ದರೂ ಆ ತಪ್ಪು ಹಾಗೇ ಇರುತ್ತಿತ್ತು.

ತೀರ್ಮಾನ ಬರವಣಿಗೆಯಲ್ಲಿರಬೇಕು, ಕಾರಣಗಳ ಸಮೇತ. ಮೇಲ್ಮನವಿಗೆ ಬೇರೆ ಮೂವರು. ಪ್ರಕರಣ ಮುಗಿದ ಮೇಲೆ ಹೆಸರು, ಊರು ತೆಗೆದು ಸಾರಾಂಶವನ್ನು ಎಲ್ಲ ಸದಸ್ಯರಿಗೂ ಕಳಿಸಬೇಕು. ಸದಸ್ಯರು ಹತ್ತು ಉಪನ್ಯಾಸಗಳಿಂದ ಕಲಿಯದ್ದನ್ನು ಇಂಥ ಒಂದು ಪುಟದಿಂದ ಕಲಿಯುತ್ತಾರೆ.

ಇದೇ ಉದಾಹರಣೆಯಲ್ಲಿ, ಸಾಕಿದವರು ಹೋಮಿಯೋಪಥಿಯವರನ್ನೇ ಯಾಕೆ ಕರೆಸಿದರು ಎಂದು ಕೇಳಬಹುದು. ಉತ್ತರ ಹಲವೆಡೆ ಸಾವಯವ ಹೈನುಗಾರಿಕೆಯಲ್ಲಿದೆ. ಯುರೋಪಿನ ಸಾವಯವ ನಿಯಮ 2018/848, ರಾಸಾಯನಿಕ ಔಷಧಗಳಿಗಿಂತ ಮೊದಲು ಗಿಡಮೂಲಿಕೆ ಮತ್ತು ಹೋಮಿಯೋಪಥಿ ಔಷಧಗಳಿಗೆ ಆದ್ಯತೆ ಕೊಡುತ್ತದೆ. ಆದರೆ ಅದರ ಜೊತೆಗೇ ಒಂದು ಷರತ್ತಿದೆ: ಆ ಪ್ರಾಣಿಗೆ, ಆ ಕಾಯಿಲೆಗೆ ಅವು ಪರಿಣಾಮಕಾರಿಯಾಗಿದ್ದರೆ ಮಾತ್ರ. ಪ್ರಾಣಿ ನರಳದಂತೆ ತಕ್ಷಣ ಚಿಕಿತ್ಸೆ ಕೊಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಮೊದಲರ್ಧ ಎಲ್ಲರಿಗೂ ಬಾಯಿಪಾಠ, ಉಳಿದರ್ಧ ಯಾರಿಗೂ ನೆನಪಿರುವುದಿಲ್ಲ. ಆಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳ ಭಯವೂ ಜನರನ್ನು ಈ ಕಡೆ ತಳ್ಳುತ್ತಿದೆ. ಆ ಭಯ ನಿಜವಾದದ್ದು, ಸಮಂಜಸವಾದದ್ದು. ಸಂಘ ಅದನ್ನು ತನ್ನ ಪ್ರಚಾರದ ಬಂಡವಾಳ ಮಾಡಿಕೊಳ್ಳದೆ, ಎಲ್ಲಿ ಆಂಟಿಬಯಾಟಿಕ್ ಬೇಕೇ ಬೇಕು, ಎಲ್ಲಿ ಬೇಡ ಎಂದು ಸದಸ್ಯರಿಗೆ ಕಲಿಸಿದರೆ ಸಾಕಿದವರಿಗೂ ಒಳ್ಳೆಯದು, ದನಕ್ಕೂ ಒಳ್ಳೆಯದು.

ಮಾತು, ಲೇಬಲ್, ಹಣ

ಜಾಹೀರಾತಿನ ನಿಯಮ ಬರೆಯುವಾಗ ಸಂಘಕ್ಕೆ ಕಾನೂನೇ ಒಂದು ಒಳ್ಳೆಯ ಮಾದರಿ ಕೊಟ್ಟಿದೆ. ಯುರೋಪಿನ ಪಶು ಔಷಧ ನಿಯಮ 2019/6ರ ಪ್ರಕಾರ ಹೋಮಿಯೋಪಥಿ ಔಷಧವೊಂದನ್ನು ಸರಳ ವಿಧಾನದಲ್ಲಿ ನೋಂದಾಯಿಸಬಹುದು. ಅದಕ್ಕೆ ಎರಡು ಮುಖ್ಯ ಷರತ್ತು. ಹತ್ತು ಸಾವಿರ ಭಾಗದಲ್ಲಿ ಮದರ್ ಟಿಂಕ್ಚರ್ (ದುರ್ಬಲಗೊಳಿಸುವ ಮುನ್ನಿನ ಮೂಲ ದ್ರಾವಣ) ಒಂದು ಭಾಗಕ್ಕಿಂತ ಹೆಚ್ಚಿರಬಾರದು, ಲೇಬಲ್ಲಿನ ಮೇಲೆ ಯಾವ ರೋಗಕ್ಕೂ ಮದ್ದು ಎಂದು ಬರೆಯಬಾರದು. ಅಂದರೆ ಪರಿಣಾಮದ ಪುರಾವೆ ಕೇಳದೆ ನೋಂದಣಿ ಕೊಡುತ್ತಾರೆ, ಆದ್ದರಿಂದ ಪರಿಣಾಮದ ಮಾತಾಡುವ ಹಾಗೂ ಇಲ್ಲ. ಸೀಸೆಯ ಮೇಲೆ ಬರೆಯಬಾರದ್ದನ್ನು ಸಂಘದ ಸದಸ್ಯರು ತಮ್ಮ ಚೀಟಿಯಲ್ಲೋ ಭಾಷಣದಲ್ಲೋ ಹೇಳಬಾರದು ಎಂಬುದು ಇದರಿಂದ ಸಹಜವಾಗಿ ಹೊರಡುವ ನಿಯಮ. ‘ಕ್ಯಾನ್ಸರ್ ವಾಸಿ’, ‘ಲಸಿಕೆ ಬೇಡ’, ‘ಅಡ್ಡಪರಿಣಾಮವೇ ಇಲ್ಲ’ ಎಂಬ ಮೂರು ಬಗೆಯ ಮಾತುಗಳನ್ನು ಹೆಸರಿಸಿಯೇ ನಿಷೇಧಿಸುವುದು ಮೇಲು. ಮೂರನೆಯದು ಮುಗ್ಧವಾಗಿ ಕಾಣುತ್ತದೆ. ಆದರೆ ಕಡಿಮೆ ಪೊಟೆನ್ಸಿಯ ಔಷಧದಲ್ಲಿ ಮೂಲ ವಸ್ತು ಅಳೆಯುವಷ್ಟು ಇರುತ್ತದೆ. ಹಾಲು, ಮಾಂಸ ಕೊಡುವ ಪ್ರಾಣಿಗಳಿಗೆ ವಿಷಮೂಲದ ಔಷಧ ಕೊಡುವಾಗ ಅದರ ಉಳಿಕೆಯ ಲೆಕ್ಕ ಬೇಕು. ಚಿಕಿತ್ಸೆ ತಡವಾದದ್ದರಿಂದ ಆಗುವ ಹಾನಿಯೂ ಒಂದು ಅಡ್ಡಪರಿಣಾಮವೇ.

ಹಣದ ವಿಷಯ. ಸದಸ್ಯರ ಸಂಖ್ಯೆ ಕಡಿಮೆ, ಆದ್ದರಿಂದ ವಂತಿಗೆಯೂ ಕಡಿಮೆ. ಸಮ್ಮೇಳನ ನಡೆಸಬೇಕು, ಲೆಕ್ಕ ಪರಿಶೋಧನೆ ಮಾಡಿಸಬೇಕು, ಕಚೇರಿಯ ಅರೆಕಾಲಿಕ ಸಹಾಯಕರಿಗೆ ಸಂಬಳ ಕೊಡಬೇಕು. ಅಷ್ಟು ಹೊತ್ತಿಗೆ ಔಷಧ ತಯಾರಿಸುವ ಕಂಪನಿಯೊಂದು ಬಂದು ಸಮ್ಮೇಳನದ ಖರ್ಚು ನಮ್ಮದು ಎನ್ನುತ್ತದೆ. ಬೇಡ ಎನ್ನುವುದು ಎಲ್ಲ ಸಂಘಗಳಿಗೂ ಸಾಧ್ಯವಿಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ಆದರೆ ಒಂದು ಮಿತಿ ಗೆರೆ ಎಳೆಯಬಹುದು: ಉಪನ್ಯಾಸಕರನ್ನು ಆರಿಸುವುದು ಸಂಘ, ವಿಷಯ ನಿಶ್ಚಯಿಸುವುದು ಸಂಘ, ಸದಸ್ಯರ ವಿಳಾಸ ಪಟ್ಟಿ ಯಾರಿಗೂ ಮಾರಾಟಕ್ಕಿಲ್ಲ, ಪ್ರಾಯೋಜಕರ ಹಣ ಎಷ್ಟು ಎಂಬುದು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ, ಔಷಧ ಕಂಪನಿಯ ಸಂಬಳ ಪಡೆಯುವವರು ಪದಾಧಿಕಾರಿಗಳಾಗುವಂತಿಲ್ಲ. ವೈದ್ಯಕೀಯ ಹೊಣೆ ವಿಮೆಯ ಕಂಪನಿಗಳಿಗೂ ಇಂಥ ಲಿಖಿತ ನಿಯಮಗಳಿಂದ ಸಂಘದ ಮೇಲೆ ವಿಶ್ವಾಸ ಹುಟ್ಟುತ್ತದೆ.

ಕಲಿಕೆ ಮತ್ತು ಕಡತ

ಬ್ರಿಟನ್ನಿನಲ್ಲಿ ಸಂಸತ್ತಿನ 1950ರ ಕಾಯ್ದೆಯಿಂದ ಸ್ಥಾನ ಪಡೆದ ಫ್ಯಾಕಲ್ಟಿ ಆಫ್ ಹೋಮಿಯೋಪಥಿ, ಮನುಷ್ಯರ ವೈದ್ಯರಿಗೆ ನಡೆಸುವಂತೆ ಪಶುವೈದ್ಯರಿಗೂ ಪರೀಕ್ಷೆ ನಡೆಸಿ ಅರ್ಹತೆ ಕೊಡುತ್ತ ಬಂದಿದೆ. 1986ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪಶುವೈದ್ಯ ಹೋಮಿಯೋಪಥಿ ಸಂಘ, ದೇಶದಿಂದ ದೇಶಕ್ಕೆ ಬೇರೆಯಾಗಿದ್ದ ಪಾಠಕ್ರಮಗಳಿಗೆ ಒಂದು ಸಮಾನ ಮಟ್ಟ ತರಲು ಯತ್ನಿಸುತ್ತಿದೆ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೆಟೀರಿಯಾ ಮೆಡಿಕಾ (ಔಷಧಗಳ ಗುಣ ವಿವರ), ರೆಪರ್ಟರಿ (ಲಕ್ಷಣದಿಂದ ಔಷಧ ಹುಡುಕುವ ಸೂಚಿ), ಅಭ್ಯರ್ಥಿ ತಾನೇ ನೋಡಿದ ಪ್ರಕರಣಗಳ ವಿವರ, ಮೌಖಿಕ ಪ್ರಶ್ನೆಗಳು ಇರುತ್ತವೆ. ಇಲ್ಲೂ ಚಿಕ್ಕ ವೃತ್ತಿಯ ಕಷ್ಟವೇ: ಪಾಠ ಹೇಳಿದವರೇ ಪರೀಕ್ಷಕರು. ಬೇರೆ ದೇಶದ ಸಂಘದಿಂದ ಒಬ್ಬ ಪರೀಕ್ಷಕರನ್ನು ಕರೆಸುವುದು ಇದಕ್ಕೆ ತಕ್ಕ ಪರಿಹಾರ. ಅದರ ಜೊತೆಗೆ ನಾನು ಸೇರಿಸಬಯಸುವ ಒಂದು ಪ್ರಶ್ನೆಯಿದೆ. ಪ್ರತಿ ಅಭ್ಯರ್ಥಿಯೂ ತನ್ನ ಹೋಮಿಯೋಪಥಿ ಚಿಕಿತ್ಸೆ ಫಲಿಸದೆ ಬೇರೆ ದಾರಿ ಹಿಡಿದ ಒಂದು ಪ್ರಕರಣವನ್ನು ಒಪ್ಪಿಸಬೇಕು, ಯಾವ ಗಳಿಗೆಯಲ್ಲಿ, ಏನು ಕಂಡು ಬದಲಿಸಿದೆ ಎಂದು ವಿವರಿಸಬೇಕು. ಅಂಥದ್ದೊಂದೂ ತನ್ನ ಬಳಿ ಇಲ್ಲ ಎನ್ನುವವರಿಗೆ ಇನ್ನಷ್ಟು ವರ್ಷ ಬೇಕು.

ಬ್ರಿಟನ್ನಿನ ಪಶುವೈದ್ಯರು ವರ್ಷಕ್ಕೆ 35 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಲೇಬೇಕು. ಇಂಥ ಕಡ್ಡಾಯವಿರುವಲ್ಲಿ ಸದಸ್ಯರು ಅಷ್ಟನ್ನೂ ಹೋಮಿಯೋಪಥಿ ಗೋಷ್ಠಿಗಳಲ್ಲೇ ಕಳೆಯದಂತೆ ಸಂಘವೇ ಹೇಳಬೇಕು. ರೋಗಪತ್ತೆಯ ಕೌಶಲ ಮೊಂಡಾದರೆ ಉಳಿದದ್ದರಿಂದ ಪ್ರಯೋಜನವಿಲ್ಲ.

ಇನ್ನು ಪ್ರಕರಣಗಳ ದಾಖಲೆ. ಹೆಚ್ಚಿನ ಸಂಘಗಳ ಬಳಿ ವಾಸಿಯಾದ ಕತೆಗಳ ರಾಶಿಯೇ ಇರುತ್ತದೆ. ಅವು ಸುಳ್ಳೆಂದು ನಾನು ಹೇಳುತ್ತಿಲ್ಲ, ಅವುಗಳಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ಬೇರ್ಪಡಿಸಬೇಕು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ಹೋಮಿಯೋಪಥಿ ಪಶುವೈದ್ಯರು 767 ಪ್ರಾಣಿಗಳ ವಿವರವನ್ನು ಒಂದೇ ನಮೂನೆಯಲ್ಲಿ ದಾಖಲಿಸಿದರು. ಮತ್ತೆ ಬಂದು ತೋರಿಸಿದ 539 ಪ್ರಕರಣಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಸುಧಾರಿಸಿದ್ದವು. ಇದನ್ನು ಓದಿದ ಕೂಡಲೇ ಹಿಗ್ಗುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಮತ್ತೆ ಬಾರದ ಪ್ರಾಣಿಗಳು ಏನಾದವು? ಔಷಧವಿಲ್ಲದೆಯೂ ಎಷ್ಟು ಸುಧಾರಿಸುತ್ತಿದ್ದವು? ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇರುವ ಸಂಬಂಧವನ್ನು ಹೋಲಿಕೆಯ ಗುಂಪಿಲ್ಲದೆ ತೀರ್ಮಾನಿಸಲಾಗದು. ಆ ಅಧ್ಯಯನವನ್ನು ಮಾಡಿದವರೂ ಅದನ್ನು ಮುಂದಿನ ಸಂಶೋಧನೆಗೆ ವಿಷಯ ಹುಡುಕುವ ಮೊದಲ ಹೆಜ್ಜೆ ಎಂದೇ ಕಂಡಿದ್ದರು.

‘ಪ್ರಾಣಿಗಳಿಗೆ ನಂಬಿಕೆಯ ಪರಿಣಾಮ ಆಗುವುದಿಲ್ಲವಲ್ಲ’ ಎಂಬ ವಾದವನ್ನು ಈ ವಲಯದಲ್ಲಿ ಪದೇ ಪದೇ ಕೇಳುತ್ತೇವೆ. ನಾಯಿಗೆ ಗುಳಿಗೆಯ ಮೇಲೆ ನಂಬಿಕೆ ಇರಲಿಕ್ಕಿಲ್ಲ, ಅದನ್ನು ನೋಡುವ ಕಣ್ಣಿಗೆ ಇರುತ್ತದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಕೀಲುನೋವಿನಿಂದ ಕುಂಟುತ್ತಿದ್ದ, ಹುಸಿಮದ್ದು ಮಾತ್ರ ಪಡೆದ 58 ನಾಯಿಗಳನ್ನು ನೋಡಿತು. ಕಾಲೂರುವ ಬಲವನ್ನು ಅಳೆಯುವ ಯಂತ್ರದ ಮೇಲೆ ನಡೆಸಿದಾಗ ಬದಲಾವಣೆ ಕಾಣದ ಎಷ್ಟೋ ನಾಯಿಗಳು ಸುಧಾರಿಸಿವೆ ಎಂದು ಸಾಕಿದವರು ಹೇಳಿದರು. ಪರೀಕ್ಷಿಸಿದ ಪಶುವೈದ್ಯರಿಗೂ ಅದೇ ಭ್ರಮೆಯಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ನಮ್ಮ ಚಿಕಿತ್ಸೆಗೂ ಅನ್ವಯ. ಆದ್ದರಿಂದ ಸಂಘದ ದಾಖಲೆ ನಮೂನೆಯಲ್ಲಿ ‘ಸುಧಾರಣೆ: ಉತ್ತಮ’ ಎಂಬ ಕಲಮಿಗೆ ಬದಲು ತೂಕ, ಜ್ವರ, ಹಾಲಿನ ಜೀವಕೋಶ ಎಣಿಕೆ, ರಕ್ತಪರೀಕ್ಷೆಯಂಥ ಅಳೆಯಬಹುದಾದ ಸಂಗತಿಗಳಿರಬೇಕು. ಫಲಿಸದ ಪ್ರಕರಣಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು.

ಉಳಿದ ಆಡಳಿತ ಎಲ್ಲ ಸಂಘಗಳಂತೆಯೇ: ಮಹಾಸಭೆ, ಕೋರಂ, ನಡಾವಳಿ, ಲೆಕ್ಕ. ಇಲ್ಲಿ ವಿಶೇಷವಾಗಿ ಕಾಡುವುದು ಪದಾಧಿಕಾರಿಗಳ ಅಭಾವ. ಒಬ್ಬರೇ ಹದಿನೈದು ವರ್ಷ ಕಾರ್ಯದರ್ಶಿಯಾಗಿ ದುಡಿಯುತ್ತಾರೆ, ಬೇರೆಯವರು ಮುಂದೆ ಬರುವುದಿಲ್ಲ, ಕೊನೆಗೆ ಸಂಘದ ಎಲ್ಲ ಸಂಗತಿಯೂ ಅವರ ತಲೆಯಲ್ಲಿ, ಅವರ ಮನೆಯ ಕಪಾಟಿನಲ್ಲಿ ಮಾತ್ರ ಉಳಿಯುತ್ತದೆ. ಅವಧಿಗೆ ಮಿತಿ ಇಟ್ಟು, ಪ್ರತಿ ಹುದ್ದೆಗೂ ಒಬ್ಬ ಉಪ ಹುದ್ದೆದಾರರನ್ನು ಜೊತೆಗಿಟ್ಟು ಕಲಿಸಿದರೆ ಅರ್ಧ ಕಷ್ಟ ತಪ್ಪುತ್ತದೆ.

ಬೈಲಾ ಬರೆಯುವಾಗ ಯಾರಿಗೂ ಇಷ್ಟವಾಗದ ಇನ್ನೊಂದು ಕಲಮು ಇದೆ, ವಿಸರ್ಜನೆಯದ್ದು. ಸದಸ್ಯರಿಗೆ ವಯಸ್ಸಾಗಿ ಹೊಸಬರು ಬಾರದಿದ್ದರೆ ಸಂಘ ಮುಚ್ಚಬೇಕಾದ ದಿನ ಬರಬಹುದು. ಉಳಿದ ಹಣ ಸದಸ್ಯರ ನಡುವೆ ಹಂಚಿಕೆಯಾಗದೆ ಪ್ರಾಣಿಗಳ ಆರೋಗ್ಯಕ್ಕೆ ದುಡಿಯುವ ಬೇರೊಂದು ಸಂಸ್ಥೆಗೆ ಹೋಗಬೇಕು ಎಂದು ಮೊದಲೇ ಬರೆದಿಡಬೇಕು. ದೂರಿನ ಕಡತಗಳು ಕಾನೂನು ಹೇಳುವಷ್ಟು ವರ್ಷ ಒಬ್ಬರ ವಶದಲ್ಲಿ ಭದ್ರವಾಗಿರಬೇಕು. ಸಾಕಿದವರ ಹೆಸರು ತೆಗೆದ ಪ್ರಕರಣ ದಾಖಲೆಗಳು, ಫಲಿಸಿದ್ದೂ ಫಲಿಸದ್ದೂ ಸೇರಿ, ಯಾರಾದರೂ ಓದಿ ಪರೀಕ್ಷಿಸಬಹುದಾದ ಪಶುವೈದ್ಯ ಕಾಲೇಜಿನ ಗ್ರಂಥಾಲಯವೊಂದಕ್ಕೆ ಸೇರಬೇಕು. ಸಾರ್ವಜನಿಕ ಪಟ್ಟಿಯನ್ನು ಅದೇ ದಿನ ಹಿಂದೆಗೆದುಕೊಂಡು, ಅದರಲ್ಲಿದ್ದ ಪ್ರತಿಯೊಬ್ಬರಿಗೂ ಇನ್ನು ಮೇಲೆ ಸಂಘದ ಹೆಸರು ಬಳಸುವಂತಿಲ್ಲ ಎಂದು ಪತ್ರ ಹೋಗಬೇಕು.